ಊರ ಶಾಲೆಗೆ ಪುಸ್ತಕ, ನೆಟ್‌ವರ್ಕ್ ಇಲ್ಲದೆಯೂ ಪಾಠ: ಕೊಡುವ ಮೊದಲು, ಕೊಟ್ಟ ಮೇಲೆ

ಜೂನ್ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಲಿಫ್ಟ್ ಪಕ್ಕ ರಟ್ಟಿನ ಡಬ್ಬಗಳು ಕಾಣಿಸಿಕೊಳ್ಳುತ್ತವೆ. ‘ಸರ್ಕಾರಿ ಶಾಲೆಗೆ ಪುಸ್ತಕ ದಾನ ಮಾಡಿ’ ಎಂಬ ಚೀಟಿ ಅಂಟಿಸಿದ ವಾರದೊಳಗೆ ಡಬ್ಬ ತುಂಬುತ್ತದೆ. ಒಳಗೆ ಏನಿದೆ ನೋಡಿ: ಐಸಿಎಸ್‌ಇ ಆರನೇ ತರಗತಿಯ ಗ್ರಾಮರ್ ಪುಸ್ತಕ, ಅರ್ಧ ಬಣ್ಣ ತುಂಬಿದ ಡ್ರಾಯಿಂಗ್ ಬುಕ್ಕು, ಹತ್ತು ವರ್ಷ ಹಳೆಯ ಎಂಜಿನಿಯರಿಂಗ್ ಗೈಡು, ಯಾರದೋ ಮದುವೆಯಲ್ಲಿ ಉಡುಗೊರೆ ಬಂದು ತೆರೆಯದೇ ಉಳಿದ ವ್ಯಕ್ತಿತ್ವ ವಿಕಸನ. ಇವೆಲ್ಲ ಟೆಂಪೊ ಹತ್ತಿ ಕೊಪ್ಪಳದ ಕಡೆಯ ಯಾವುದೋ ಹಳ್ಳಿಗೆ ಹೋಗುತ್ತವೆ. ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಫೋಟೊ ಆಗುತ್ತದೆ, ಬೀರುವಿಗೆ ಬೀಗ ಬೀಳುತ್ತದೆ. ಟ್ಯಾಬ್ ಕೊಟ್ಟ ಕಡೆಯೂ ಕಥೆ ಹೆಚ್ಚು ಬೇರೆಯಿಲ್ಲ. ಚಾರ್ಜರ್ ಕೆಟ್ಟ ದಿನಕ್ಕೆ ಆನ್‌ಲೈನ್ ಶಿಕ್ಷಣವೂ ಮುಗಿಯಿತು.

ಕೊಡುವ ಮನಸ್ಸಿಗೆ ನಮ್ಮಲ್ಲಿ ಬರವಿಲ್ಲ. ಬೇಡಿಕೆಯ ಪಟ್ಟಿ ತೆಗೆದುಕೊಳ್ಳುವ ಕಡೆಯಿಂದ ಬರಬೇಕು, ಕೊಟ್ಟದ್ದು ದಿನವೂ ತೆರೆದಿರಬೇಕು. ಈ ಎರಡಕ್ಕೆ ಏನೇನು ಮಾಡಬೇಕು ಎಂಬುದೇ ಇಲ್ಲಿನ ವಿಷಯ. ಹಳೆ ವಿದ್ಯಾರ್ಥಿಗಳ ಸಂಘ, ಯುವಕ ಮಂಡಳಿ, ಪರಊರಲ್ಲಿ ದುಡಿಯುತ್ತ ‘ನಮ್ಮೂರ ಶಾಲೆಗೆ ಏನಾದರೂ ಮಾಡೋಣ’ ಎನ್ನುವ ನಾಲ್ಕು ಜನ, ಯಾರೇ ಆದರೂ ಒಂದು ಊರಿನಿಂದ ಶುರು ಮಾಡಿ. ಹತ್ತು ಊರಿಗೆ ಹಂಚಿದರೆ ಯಾವ ಊರಿನ ಮಕ್ಕಳ ಹೆಸರೂ ನಿಮಗೆ ಗೊತ್ತಾಗುವುದಿಲ್ಲ.

ಮೊದಲನೆಯದು: ಶಾಲೆಯೋ, ಪಂಚಾಯಿತಿ ಗ್ರಂಥಾಲಯವೋ?

ಪುಸ್ತಕ ಎಂದಕೂಡಲೇ ಎಲ್ಲರಿಗೂ ಶಾಲೆ ನೆನಪಾಗುತ್ತದೆ. ಆದರೆ ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2019ರಲ್ಲಿ ಇವು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ನವೆಂಬರ್‌ನಲ್ಲಿ ‘ಓದುವ ಬೆಳಕು’ ಅಭಿಯಾನ ಶುರುವಾಗಿ ಹಳ್ಳಿಯ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಈಗ ಇವುಗಳ ಬೋರ್ಡಿನಲ್ಲಿ ‘ಅರಿವು ಕೇಂದ್ರ’ ಎಂದಿರುತ್ತದೆ. ಹಲವು ಕಡೆ ಕಂಪ್ಯೂಟರೂ ಇದೆ, ಒಬ್ಬ ಮೇಲ್ವಿಚಾರಕರೂ ಇರುತ್ತಾರೆ.

ಶಾಲೆಯ ಬಾಗಿಲು ಸಂಜೆ ಮುಚ್ಚುತ್ತದೆ, ದಸರಾ ರಜೆಗೆ ಮುಚ್ಚುತ್ತದೆ, ಬೇಸಿಗೆಯಲ್ಲಂತೂ ಎರಡು ತಿಂಗಳು ತೆರೆಯುವುದೇ ಇಲ್ಲ. ಮಕ್ಕಳಿಗೆ ಓದಲು ಬಿಡುವಿರುವುದು ಸರಿಯಾಗಿ ಅದೇ ಹೊತ್ತಿನಲ್ಲಿ. ಹತ್ತನೇ ತರಗತಿಗೆ ಶಾಲೆ ಬಿಟ್ಟ ಹುಡುಗಿ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ತಯಾರಾಗುತ್ತಿರುವ ಅವಳಣ್ಣ, ಇಬ್ಬರೂ ಶಾಲೆಯ ಬೀರುವಿಗೆ ಕೈ ಹಾಕುವಂತಿಲ್ಲ, ಗ್ರಂಥಾಲಯಕ್ಕಾದರೆ ಬರಬಹುದು. ಹಾಗಾಗಿ ನನ್ನ ಮತ ಹೀಗೆ: ನಲಿಕಲಿ ಮಕ್ಕಳಿಗೆ, ಅಂದರೆ ಒಂದರಿಂದ ಮೂರನೇ ತರಗತಿಯವರಿಗೆ, ಪುಸ್ತಕ ಶಾಲೆಯ ಕೋಣೆಯಲ್ಲೇ ಇರಲಿ. ಉಳಿದದ್ದು ಗ್ರಂಥಾಲಯಕ್ಕೆ ಹೋಗಲಿ. ಒಂದು ಎಚ್ಚರಿಕೆ ಮಾತ್ರ ಬೇಕು. ಪಂಚಾಯಿತಿ ಕೇಂದ್ರದಿಂದ ಮೂರು ಕಿಲೋಮೀಟರ್ ಆಚೆಯ ತಾಂಡಾದ ಮಕ್ಕಳು ಸಂಜೆ ಅಲ್ಲಿಗೆ ನಡೆದು ಬರುವುದಿಲ್ಲ. ತಾಂಡಾವೇ ನಿಮ್ಮ ಗುರಿಯಾಗಿದ್ದರೆ ಅಲ್ಲಿನ ಕಿರಿಯ ಪ್ರಾಥಮಿಕ ಶಾಲೆಯೋ ಅಂಗನವಾಡಿಯೋ ಸರಿ.

ಎರಡನೆಯದು: ಹೋಗಿ ಕೇಳಿ, ಬರೆದುಕೊಳ್ಳಿ

ಭಾನುವಾರ ಹೋಗಬೇಡಿ, ಶಾಲೆ ನಡೆಯುವ ದಿನ ಹೋಗಿ. ಮುಖ್ಯೋಪಾಧ್ಯಾಯರು, ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು, ಗ್ರಂಥಾಲಯದ ಮೇಲ್ವಿಚಾರಕರು, ಈ ಮೂವರ ಜೊತೆ ಕುಳಿತು ಮಾತಾಡಿ. ‘ಏನು ಬೇಕು ಸಾರ್?’ ಎಂದರೆ ‘ಏನು ಕೊಟ್ರೂ ಸಂತೋಷ’ ಎಂಬ ಉತ್ತರ ಬರುತ್ತದೆ. ಕೊಡುವವರ ಮುಂದೆ ಇದು ಬೇಕು, ಇದು ಬೇಡ ಎನ್ನಲು ಅವರಿಗೆ ಸಂಕೋಚ. ಅದಕ್ಕೇ ಕೇಳುವ ಪ್ರಶ್ನೆ ಬೇರೆ ಇರಬೇಕು.

ಬೀರು ತೆಗೆದು ತೋರಿಸಿ ಎಂದು ಕೇಳಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನಕ್ಕೆ ಅವಕಾಶವಿದೆ. ಆ ಹಣದಲ್ಲಿ ಬಂದ ಒಳ್ಳೆಯ ಪುಸ್ತಕಗಳೇ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಅಲ್ಲಿರಬಹುದು. ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ, ಪುಸ್ತಕ ಕೊಳ್ಳುವ ಬದಲು ಕಪಾಟು ಮಾಡಿಸಿದರೆ ಸಾಕು. ನಂತರ ತರಗತಿವಾರು ಮಕ್ಕಳ ಸಂಖ್ಯೆ ಬರೆದುಕೊಳ್ಳಿ. ಐದನೇ ತರಗತಿಯ ಎಷ್ಟು ಮಕ್ಕಳು ಎರಡನೇ ತರಗತಿಯ ಪಾಠವನ್ನು ತಡವರಿಸದೆ ಓದುತ್ತಾರೆ ಎಂದು ಮೇಷ್ಟ್ರನ್ನೇ ಕೇಳಿ. ಅವರಿಗದು ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ ಅಷ್ಟೆ. ಮನೆಮಾತು ಯಾವುದು ಎಂಬುದನ್ನೂ ಬರೆದುಕೊಳ್ಳಿ. ಬೀದರ್, ಕಲಬುರಗಿಯಲ್ಲಿ ಉರ್ದು ಮಾಧ್ಯಮದ ಶಾಲೆಗಳಿವೆ, ನಿಪ್ಪಾಣಿಯ ಕಡೆ ಮರಾಠಿ, ಪಾವಗಡದ ಕಡೆ ಮನೆಯಲ್ಲಿ ತೆಲುಗು. ಅಲ್ಲಿಗೆ ಬರೀ ಕನ್ನಡ ಪುಸ್ತಕದ ಮೂಟೆ ಇಳಿಸಿ ಬಂದರೆ ಪ್ರಯೋಜನ ಕಡಿಮೆ.

ಯಾವ ಸಿಮ್‌ಗೆ ಸಿಗ್ನಲ್ ಸಿಗುತ್ತದೆ, ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ ಎಂಬ ಎರಡು ಸಾಲೂ ಪಟ್ಟಿಯಲ್ಲಿರಲಿ. ಡಿಜಿಟಲ್ ಪಾಠದ ಹಣೆಬರಹ ನಿಂತಿರುವುದು ಅವುಗಳ ಮೇಲೆ.

ಬೀರುವಿಗೆ ಬೀಗ ಬೀಳುವುದೇಕೆ ಎಂಬುದನ್ನೂ ಅರ್ಥ ಮಾಡಿಕೊಳ್ಳಿ. ಪುಸ್ತಕ ದಾಸ್ತಾನು ವಹಿಯಲ್ಲಿ ಏರಿದ ಕ್ಷಣದಿಂದ ಅದಕ್ಕೆ ಮೇಷ್ಟ್ರು ಲೆಕ್ಕ ಕೊಡಬೇಕು. ಕಳೆದರೆ ಯಾರು ಕೇಳುತ್ತಾರೋ, ವರ್ಗಾವಣೆ ಹೊತ್ತಿಗೆ ಏನು ತಕರಾರು ಬರುತ್ತದೋ ಎಂಬ ಅಂಜಿಕೆ. ಅದು ಸುಳ್ಳು ಅಂಜಿಕೆಯೇನಲ್ಲ. ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ತೆಗೆದು, ಓದಿ ಸವೆದ ಅಥವಾ ಕಳೆದ ದಾನದ ಪುಸ್ತಕಗಳಿಗೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ ಎಂದು ನಡಾವಳಿಯಲ್ಲಿ ಬರೆಸಿ, ಅಧ್ಯಕ್ಷರ ಸಹಿ ಹಾಕಿಸಿ. ಕೊಡುವವರೂ ಪತ್ರದಲ್ಲಿ ಅದನ್ನೇ ಬರೆದುಕೊಡಿ. ಈ ಒಂದು ಹಾಳೆಯಿಂದ ತೆರೆದ ಬೀರುಗಳು ಭಾಷಣದಿಂದ ತೆರೆದವುಗಳಿಗಿಂತ ಜಾಸ್ತಿ.

ಮೂರನೆಯದು: ಯಾವ ಪುಸ್ತಕ ಬೇಡ, ಯಾವುದು ಬೇಕು

ಬೇಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಸರ್ಕಾರವೇ ಕೊಡುತ್ತದೆ, ಹಳೆಯದು ಬೇಡ. ಸಿಬಿಎಸ್‌ಇ, ಐಸಿಎಸ್‌ಇಯ ಕೆಳತರಗತಿ ಪಠ್ಯಗಳು ಬೇಡ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಪದ್ಧತಿ ಬದಲಾಗಿದೆ. ಹಳೆ ಗೈಡಿಗಿಂತ ಪರೀಕ್ಷಾ ಮಂಡಳಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಜೆರಾಕ್ಸ್ ಮಾಡಿಸಿ ಕೊಡುವುದು ಮೇಲು. ಪ್ರಚಲಿತ ವಿದ್ಯಮಾನದ ಪುಸ್ತಕ ಎರಡು ವರ್ಷ ದಾಟಿದರೆ ರದ್ದಿ. ಬರೆದು ತುಂಬಿಸಿದ ವರ್ಕ್‌ಬುಕ್ಕು, ಪುಟ ಹರಿದದ್ದು, ಬೂಷ್ಟು ಹಿಡಿದದ್ದು ನಿಮ್ಮ ಮನೆಯ ಮಗುವಿಗೆ ಕೊಡುತ್ತೀರಾ? ಇಲ್ಲವಾದರೆ ಊರಿಗೂ ಬೇಡ.

ಇದಕ್ಕೊಂದು ವಿನಾಯಿತಿಯಿದೆ. ದ್ವಿತೀಯ ಪಿಯು ವಿಜ್ಞಾನದ ಮಕ್ಕಳು ಓದುವುದು ಎನ್‌ಸಿಇಆರ್‌ಟಿ ಪುಸ್ತಕ. ಆದ್ದರಿಂದ ಸಿಇಟಿ, ನೀಟ್, ಜೆಇಇಗೆ ಓದಿ ಮುಗಿಸಿದವರ ಮನೆಯಲ್ಲಿ ಬಿದ್ದಿರುವ ಭೌತಶಾಸ್ತ್ರ, ರಸಾಯನಶಾಸ್ತ್ರದ ದಪ್ಪ ಪುಸ್ತಕಗಳು ಹಳ್ಳಿಯ ಪಿಯು ವಿದ್ಯಾರ್ಥಿಗೆ ನಿಜಕ್ಕೂ ದೊಡ್ಡ ಆಸ್ತಿ. ಹೊಸದಕ್ಕೆ ಸಾವಿರಾರು ರೂಪಾಯಿಯಾಗುತ್ತದೆ. ಎನ್‌ಸಿಇಆರ್‌ಟಿ 2022ರಲ್ಲಿ ಪಾಠಗಳನ್ನು ಕಡಿತ ಮಾಡಿದೆ, ಹಾಗಾಗಿ ಈಗಿನ ಪಠ್ಯಕ್ರಮದ ಒಂದು ಪ್ರತಿಯನ್ನು ಪುಸ್ತಕದೊಳಗೆ ಅಂಟಿಸಿ ಕಳಿಸಿ. ಡಬ್ಬದಲ್ಲಿ ಸಿಗದಿದ್ದರೆ ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ, ಚೌಕಾಸಿ ಮಾಡಿ.

ಸಣ್ಣ ಮಕ್ಕಳಿಗೆ ಸಂಗ್ರಹಿಸಿದ್ದಕ್ಕಿಂತ ಕೊಂಡದ್ದೇ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಗರದ ಮನೆಗಳಿಂದ ಬರುವ ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಡಬ್ಬದ ಪಕ್ಕ ಒಂದು ಯುಪಿಐ ಕೋಡ್ ಅಂಟಿಸಿ. ‘ಒಂದು ಕನ್ನಡ ಪುಸ್ತಕಕ್ಕೆ 60 ರೂಪಾಯಿ’ ಎಂದು ಬರೆದರೆ ಜನ ಪುಸ್ತಕಕ್ಕಿಂತ ಬೇಗ ಹಣ ಕೊಡುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್, ನವಕರ್ನಾಟಕದಂಥ ಪ್ರಕಾಶಕರ ಮಕ್ಕಳ ಪುಸ್ತಕಗಳು ದುಬಾರಿಯಲ್ಲ. ನವೆಂಬರ್‌ವರೆಗೆ ಕಾಯಲು ಸಾಧ್ಯವಿದ್ದರೆ, ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡ ಪುಸ್ತಕಗಳಿಗೆ ಒಳ್ಳೆಯ ರಿಯಾಯಿತಿ ಇರುತ್ತದೆ.

ಆರಿಸುವಾಗ ತರಗತಿ ನೋಡಬೇಡಿ, ಓದುವ ಮಟ್ಟ ನೋಡಿ. ಬೆಂಗಳೂರಿನ ಹಿಪ್ಪೊಕ್ಯಾಂಪಸ್ ಸಂಸ್ಥೆ ಪುಸ್ತಕಗಳನ್ನು ಹಸಿರು, ಕೆಂಪು, ಕಿತ್ತಳೆ, ಬಿಳಿ, ನೀಲಿ, ಹಳದಿ ಎಂದು ಆರು ಬಣ್ಣಗಳಲ್ಲಿ ವಿಂಗಡಿಸುವ ಪದ್ಧತಿ ಮಾಡಿದೆ. ಪುಟಕ್ಕೊಂದು ಸಾಲಿರುವುದು ಮೊದಲ ಬಣ್ಣ, ಸಾಲು ಬೆಳೆದಂತೆ ಬಣ್ಣ ಬದಲಾಗುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಟೇಪು ತಂದು ಬೆನ್ನಿಗೆ ಅಂಟಿಸಿದರೆ ಮುಗಿಯಿತು. ಇದರ ಸೊಗಸು ಎಂದರೆ ಆರನೇ ತರಗತಿಯಲ್ಲಿದ್ದೂ ಕೂಡಿಸಿ ಓದುವ ಹುಡುಗ ‘ಒಂದನೇ ಕ್ಲಾಸಿನ ಪುಸ್ತಕ’ ತೆಗೆದುಕೊಂಡ ಎಂದು ಯಾರೂ ನಗುವುದಿಲ್ಲ, ಅವನು ತೆಗೆದದ್ದು ಕೆಂಪು ಪುಸ್ತಕ. ನೂರು ಪುಸ್ತಕ ಕೊಳ್ಳುವುದಾದರೆ ಅರವತ್ತು ಕೆಳಗಿನ ಮೂರು ಬಣ್ಣದಲ್ಲಿರಲಿ. ಅಲ್ಲೇ ಕೊರತೆ ಇರುವುದು.

ಇನ್ನೊಂದು ದಾರಿ ಅನೇಕರಿಗೆ ಗೊತ್ತಿಲ್ಲ. ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಸಚಿತ್ರ ಕಥೆಗಳು ಸಾಕಷ್ಟಿವೆ, ಮುಕ್ತ ಪರವಾನಗಿಯಲ್ಲಿ. ಅಂದರೆ ಡೌನ್‌ಲೋಡ್ ಮಾಡಿ, ಮುದ್ರಿಸಿ, ಹಂಚಬಹುದು, ಅನುವಾದವನ್ನೂ ಮಾಡಬಹುದು. ಲೇಖಕರ, ಚಿತ್ರಕಾರರ ಹೆಸರು ಮಾತ್ರ ಉಳಿಸಬೇಕು. ಲಂಬಾಣಿ ಮಾತಾಡುವ ಮಗುವಿಗೆ ಅದೇ ಕಥೆಯನ್ನು ಅವರ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ಬರೆದುಕೊಡಲು ತಾಂಡಾದಲ್ಲೇ ಒಬ್ಬ ಡಿಗ್ರಿ ಹುಡುಗಿ ಸಿಕ್ಕಾಳು. ಇದು ಎಲ್ಲ ಪುಸ್ತಕಕ್ಕೂ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆಯುವವರೆಗೆ ಹಕ್ಕುಸ್ವಾಮ್ಯ ಇರುತ್ತದೆ. ಟೆಲಿಗ್ರಾಂನಲ್ಲಿ ಬಂದ ಪಿಡಿಎಫ್ ಮುದ್ರಿಸಿ ಹಂಚುವುದು ದಾನವಲ್ಲ.

ನಾಲ್ಕನೆಯದು: ಕಳಿಸುವುದು

ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಸೇವೆ ಶುರು ಮಾಡಿದೆ. ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಮಾತ್ರ. 300 ಗ್ರಾಂವರೆಗೆ 20 ರೂಪಾಯಿಯಿಂದ ಶುರುವಾಗಿ 5 ಕಿಲೋವರೆಗೆ 100 ರೂಪಾಯಿ ದರ, ತೆರಿಗೆ ಬೇರೆ. ವಿಮಾನದಲ್ಲಿ ಹೋಗುವುದಿಲ್ಲ, ನಿಧಾನ, ಆದರೆ ಎಲ್ಲಿದೆ ಎಂದು ಆನ್‌ಲೈನಿನಲ್ಲಿ ನೋಡಬಹುದು. ಹತ್ತಿಪ್ಪತ್ತು ಪುಸ್ತಕಕ್ಕೆ ಇದು ಸಾಕು. ಮೂಟೆಗಟ್ಟಲೆ ಇದ್ದರೆ ಕೆಎಸ್‌ಆರ್‌ಟಿಸಿಯ ಪಾರ್ಸೆಲ್ ಸೇವೆ ‘ನಮ್ಮ ಕಾರ್ಗೋ’ ಇದೆ, ತಾಲ್ಲೂಕಿನ ಬಸ್‌ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳಲು ಅಲ್ಲೊಬ್ಬರು ಇರಬೇಕು ಅಷ್ಟೆ. ಮಳೆಗಾಲವಾದರೆ ರಟ್ಟಿನ ಡಬ್ಬಕ್ಕೆ ಮೊದಲು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಕಿ ಕಟ್ಟಿ.

ಹೊರದೇಶದ ಕನ್ನಡ ಸಂಘಗಳಿಗೆ ಒಂದು ಮಾತು. ಅಲ್ಲಿಂದ ಪುಸ್ತಕ ಹಡಗಿಗೆ ಹಾಕಬೇಡಿ. ಸಾಗಣೆ ಖರ್ಚಿನಲ್ಲಿ ಇಲ್ಲಿ ಅದರ ಹಲವು ಪಟ್ಟು ಕನ್ನಡ ಪುಸ್ತಕ ಬರುತ್ತವೆ. ಇಲ್ಲಿ ಆದಾಯ ತೆರಿಗೆ ಕಟ್ಟುವವರಿಗೂ ತಿಳಿದಿರಲಿ: ವಸ್ತು ರೂಪದ ದಾನಕ್ಕೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ನೋಂದಾಯಿತ ಸಂಸ್ಥೆಗೆ ಹಣ ಕೊಟ್ಟರೆ ಮಾತ್ರ, 2,000 ರೂಪಾಯಿ ಮೀರಿದರೆ ನಗದು ನಡೆಯುವುದಿಲ್ಲ.

ಐದನೆಯದು: ಕಪಾಟು

ಬೀರು ಬೇಡ. ಮಗುವಿನ ಎದೆಮಟ್ಟದಲ್ಲಿ, ಮುಖಪುಟ ಕಾಣುವ ಹಾಗೆ ಪುಸ್ತಕ ನಿಲ್ಲಿಸುವ ಮರದ ಪಟ್ಟಿ ಸಾಕು. ಊರಿನ ಬಡಗಿಯೇ ಮಾಡಿಕೊಡುತ್ತಾನೆ. ಅದೂ ಬೇಡವೆಂದರೆ ಕಿಟಕಿಯಿಂದ ಕಿಟಕಿಗೆ ನೈಲಾನ್ ಹಗ್ಗ ಕಟ್ಟಿ ತೆಳು ಪುಸ್ತಕಗಳನ್ನು ನೇತುಹಾಕಿ. ಕೊಟ್ಟು ಪಡೆದ ಲೆಕ್ಕವನ್ನು ಏಳನೇ ತರಗತಿಯ ಇಬ್ಬರು ಮಕ್ಕಳು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬಯಲುಸೀಮೆಯಲ್ಲಿ ಗೆದ್ದಲು, ಕಪಾಟು ಗೋಡೆಗೆ ತಾಗದಿರಲಿ. ಮಲೆನಾಡಿನಲ್ಲಿ ಬೂಷ್ಟು, ಬಿಸಿಲು ಬಿದ್ದ ದಿನ ಪುಸ್ತಕ ಹೊರಗೆ ಹರವಬೇಕು.

ಆರನೆಯದು: ಇಂಟರ್ನೆಟ್ ಇಲ್ಲದೆ ಆನ್‌ಲೈನ್ ಪಾಠ

ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ, ಹಳ್ಳಿಯಲ್ಲಿ ಫೋನಿಲ್ಲ ಎಂಬ ಭ್ರಮೆ ಬಿಡಿಸುತ್ತದೆ. ದೇಶದ ಹಳ್ಳಿಗಳಲ್ಲಿ 14ರಿಂದ 16 ವಯಸ್ಸಿನ ಮಕ್ಕಳ ಪೈಕಿ ಸ್ಮಾರ್ಟ್‌ಫೋನ್ ಬಳಸಬಲ್ಲವರು ಶೇ 80ಕ್ಕೂ ಹೆಚ್ಚು. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಫೋನು ಊರಿಗೆ ಬಂದಾಗಿದೆ. ಆದರೆ ಅದು ಅಪ್ಪನ ಜೊತೆ ಹೊಲಕ್ಕೋ ಗಾರೆ ಕೆಲಸಕ್ಕೋ ಹೋಗಿರುತ್ತದೆ, ಸಂಜೆ ಬಂದಾಗ ಮೊದಲು ಅಣ್ಣನ ಕೈಗೆ, ಆಮೇಲೆ ತಂಗಿಗೆ. ಆದ್ದರಿಂದ ಹಂಚಿ ಬಳಸುವ ಒಂದು ಜಾಗ ಬೇಕು, ಡೇಟಾ ತಿನ್ನದ ಪಾಠ ಬೇಕು.

ಕೈಯಲ್ಲಿರುವುದರಿಂದ ಶುರು ಮಾಡಿ. ರಾಜ್ಯದ ಪಠ್ಯಪುಸ್ತಕಗಳಲ್ಲೇ ಕ್ಯೂಆರ್ ಕೋಡ್ ಇದೆ. 2017ರಲ್ಲಿ ಆರಂಭವಾದ ಸರ್ಕಾರಿ ಆ್ಯಪ್ ದೀಕ್ಷಾದಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಪ್ರಶ್ನೆಗಳು ಬರುತ್ತವೆ. ಸಿಗ್ನಲ್ ಇರುವ ಕಡೆ ಒಮ್ಮೆ ಡೌನ್‌ಲೋಡ್ ಮಾಡಿಕೊಂಡರೆ ಆಮೇಲೆ ಇಂಟರ್ನೆಟ್ ಬೇಡ. ವಾರದ ಪಾಠಗಳನ್ನು ಶನಿವಾರ ತಾಲ್ಲೂಕಿಗೆ ಹೋದವರು ಇಳಿಸಿಕೊಂಡು ಬರಲಿ.

ಸ್ವಲ್ಪ ಕಂಪ್ಯೂಟರ್ ಗೊತ್ತಿರುವವರು ನಿಮ್ಮ ಗುಂಪಿನಲ್ಲಿದ್ದರೆ ಇನ್ನೂ ಚೆನ್ನ. ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಕೋಲಿಬ್ರಿ ಎಂಬ ಉಚಿತ ತಂತ್ರಾಂಶ ಹಾಕಿ. ಲರ್ನಿಂಗ್ ಇಕ್ವಾಲಿಟಿ ಎಂಬ ಸಂಸ್ಥೆ ಇಂಟರ್ನೆಟ್ ಇಲ್ಲದ ಶಾಲೆಗಳಿಗೆಂದೇ ಮಾಡಿದ್ದು ಅದು. ನಗರದಲ್ಲಿರುವಾಗಲೇ ಬೇಕಾದ ಗಣಿತ, ವಿಜ್ಞಾನದ ಪಾಠಗಳನ್ನು ಅದಕ್ಕೆ ತುಂಬಿಸಿಕೊಳ್ಳಬೇಕು. ಊರಿಗೆ ಹೋಗಿ ಒಂದು ಸಾಮಾನ್ಯ ವೈಫೈ ರೂಟರ್ ಹಚ್ಚಿದರೆ ಕೋಣೆಯೊಳಗಿನ ಫೋನು, ಟ್ಯಾಬುಗಳೆಲ್ಲ ಆ ಲ್ಯಾಪ್‌ಟಾಪಿನಿಂದಲೇ ಪಾಠ ಎಳೆದುಕೊಳ್ಳುತ್ತವೆ. ರೂಟರಿಗೆ ಸಿಮ್ಮೂ ಬೇಡ, ಕೇಬಲ್ಲೂ ಬೇಡ. ಯಾವ ಮಗು ಎಲ್ಲಿ ನಿಂತಿದೆ ಎಂಬುದು ಲ್ಯಾಪ್‌ಟಾಪಿನಲ್ಲಿ ದಾಖಲಾಗುತ್ತದೆ. ಪಾಠಗಳನ್ನು ತುಂಬುವ ಮೊದಲು ಕನ್ನಡದಲ್ಲಿ ಏನೇನಿದೆ ಎಂದು ಶಿಕ್ಷಕರೊಬ್ಬರಿಗೆ ತೋರಿಸಿ. ಅನುವಾದದ ಕನ್ನಡ ಕೆಲವೆಡೆ ಕಲ್ಲು ಕಡಿದಂತಿರುತ್ತದೆ, ಅಂಥದ್ದನ್ನು ಕೈಬಿಡಬೇಕು.

ಅದೇ ಲ್ಯಾಪ್‌ಟಾಪಿಗೆ ಕಿವಿಕ್ಸ್ ಕೂಡ ಹಾಕಿ, ಇಂಟರ್ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಉಚಿತ ತಂತ್ರಾಂಶ ಅದು. ಕನ್ನಡ ವಿಕಿಪೀಡಿಯ 2003ರಿಂದ ಬೆಳೆದು ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಾಗಿವೆ. ಅಷ್ಟೂ ಒಂದೇ ಕಡತವಾಗಿ ಪೆನ್‌ಡ್ರೈವಿನಲ್ಲಿ ಹಿಡಿಸುತ್ತದೆ. ಕರೆಂಟು ಹೋದರೆ? ಲ್ಯಾಪ್‌ಟಾಪಿನ ಬ್ಯಾಟರಿ ಹೊಸದು ಹಾಕಿಸಿ, ರೂಟರಿಗೆ ಸಣ್ಣ ಯುಪಿಎಸ್ ಕೊಡಿಸಿ. ಹೊಸ ಟ್ಯಾಬಿನ ಆಸೆ ಬಿಟ್ಟು ಈ ಎರಡಕ್ಕೆ ಹಣ ಹಾಕುವುದು ಜಾಣತನ. ಹಳೆ ಫೋನು ದಾನ ಕೊಡುವವರು ಖಾತೆಯಿಂದ ಹೊರಬಂದು, ಫ್ಯಾಕ್ಟರಿ ರೀಸೆಟ್ ಮಾಡಿ, ಚಾರ್ಜರ್ ಸಮೇತ ಕೊಡಿ. ಬ್ಯಾಟರಿ ಉಬ್ಬಿದ್ದು ಬೇಡವೇ ಬೇಡ.

ಇದಾವುದೂ ಆಗದ ಊರಿನಲ್ಲಿ ದೂರದರ್ಶನದ ಡಿಡಿ ಫ್ರೀ ಡಿಶ್ ಇದ್ದರೂ ಸಾಕು, ಪಾಠ ಬಿತ್ತರಿಸುವ ಪಿಎಂ ಇ-ವಿದ್ಯಾ ಟಿವಿ ವಾಹಿನಿಗಳು ತಿಂಗಳ ಬಾಡಿಗೆಯಿಲ್ಲದೆ ಸಿಗುತ್ತವೆ.

ಕಾಲೇಜು ಮಟ್ಟದವರಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣ ‘ಸ್ವಯಂ’ ಇದೆ. ಪಾಠ ಕೇಳುವುದು ಉಚಿತ, ಪ್ರಮಾಣಪತ್ರ ಬೇಕಾದರೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಹೆಚ್ಚಿನ ಪಾಠ ಇಂಗ್ಲಿಷಿನಲ್ಲಿರುವುದರಿಂದ ಹಳ್ಳಿಯ ಬಿ.ಎ. ವಿದ್ಯಾರ್ಥಿ ಎರಡನೇ ವಾರಕ್ಕೆ ಕೈಬಿಡುತ್ತಾನೆ. ಒಬ್ಬೊಬ್ಬರೇ ಸೇರಬೇಡಿ, ನಾಲ್ವರು ಒಂದೇ ಕೋರ್ಸಿಗೆ ಸೇರಿ ಗ್ರಂಥಾಲಯದಲ್ಲಿ ಒಟ್ಟಿಗೆ ಕೂತು ನೋಡಿ ಎಂದು ಹೇಳಿ.

ಏಳನೆಯದು: ಬಾಗಿಲು ತೆಗೆಯುವವರು

2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಕಾರ್ಮಿಕ ಸೈಯದ್ ಇಸಾಕ್ ಅವರ ಗ್ರಂಥಾಲಯ ಬೆಂಕಿಗೆ ಆಹುತಿಯಾಗಿ ಸುಮಾರು 11,000 ಪುಸ್ತಕಗಳು ಸುಟ್ಟುಹೋದಾಗ ನಾಡಿನ ಮೂಲೆಮೂಲೆಯಿಂದ ಪುಸ್ತಕ, ಹಣ ಬಂತು. ಸುದ್ದಿಯಾದದ್ದು ಪುಸ್ತಕದ ಸಂಖ್ಯೆ. ಆದರೆ ಆ ತಗಡಿನ ಶೆಡ್ಡನ್ನು ಗ್ರಂಥಾಲಯ ಮಾಡಿದ್ದು ಬೇರೆ: ಅವರು ವರ್ಷಗಳ ಕಾಲ ದಿನವೂ ಬಾಗಿಲು ತೆಗೆದರು, ತಮ್ಮ ಕೂಲಿಯ ಹಣದಲ್ಲೇ ದಿನಪತ್ರಿಕೆ ತರಿಸಿ ಹಾಕಿದರು.

ನಿಮ್ಮ ಊರಿಗೂ ಅಂಥವರೊಬ್ಬರು ಬೇಕು. ಗ್ರಂಥಾಲಯದ ಮೇಲ್ವಿಚಾರಕರು ಇದ್ದರೂ ಅವರಿಗೆ ಸಿಗುವ ಗೌರವಧನ ಕಡಿಮೆ, ಕೆಲಸ ಜಾಸ್ತಿ. ಊರಲ್ಲೇ ಇರುವ, ಪಿಯು ಅಥವಾ ಡಿಗ್ರಿ ಓದುತ್ತಿರುವ ಹುಡುಗಿಯೊಬ್ಬಳನ್ನು ದಿನಾ ಸಂಜೆ ಎರಡು ತಾಸಿನ ಕೆಲಸಕ್ಕೆ ಕೇಳಿ. ಮಕ್ಕಳು ‘ಅಕ್ಕಾ’ ಎಂದು ಕರೆಯುವಂಥವಳು ಮೇಷ್ಟ್ರಿಗಿಂತ ಈ ಕೆಲಸಕ್ಕೆ ಹೊಂದುತ್ತಾಳೆ. ಸೇವೆ ಎಂದು ಬಿಟ್ಟಿ ದುಡಿಸಬೇಡಿ, ತಿಂಗಳಿಗೆ ಇಷ್ಟು ಎಂದು ನಿಗದಿ ಮಾಡಿ ಒಂದು ವರ್ಷದ್ದನ್ನು ಮೊದಲೇ ತೆಗೆದಿಡಿ. ಇಡೀ ಬಜೆಟ್ಟಿನ ಅರ್ಧ ಇಲ್ಲಿಗೇ ಹೋದರೂ ಸರಿಯೇ.

ಪುಸ್ತಕವನ್ನೂ ಪರದೆಯನ್ನೂ ಜೋಡಿಸುವುದು ಅವಳ ಕೆಲಸ. ಆ ವಾರ ಶಾಲೆಯಲ್ಲಿ ಸೌರವ್ಯೂಹ ನಡೆಯುತ್ತಿದ್ದರೆ ದೀಕ್ಷಾದ ಹತ್ತು ನಿಮಿಷದ ವಿಡಿಯೊ ತೋರಿಸಿ, ಚಂದ್ರನ ಕಥೆಯ ಪುಸ್ತಕ ಗಟ್ಟಿಯಾಗಿ ಓದಿಸಿ, ಉಳಿದ ಸಂದೇಹಕ್ಕೆ ಕಿವಿಕ್ಸ್‌ನಲ್ಲಿ ಹುಡುಕಲು ಬಿಡುವುದು. ವಿಡಿಯೊ ನಿಲ್ಲಿಸಿ ಮಾತಾಡುವ ಒಬ್ಬರಿಲ್ಲದಿದ್ದರೆ ಮಕ್ಕಳು ಅದನ್ನು ಸಿನಿಮಾದಂತೆ ನೋಡಿ ಎದ್ದುಹೋಗುತ್ತಾರೆ. ದೊಡ್ಡವರಿಗೂ ಆ ಕೋಣೆ ಉಪಯೋಗಕ್ಕೆ ಬರಲಿ. ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಎಸ್‌ಎಸ್‌ಪಿಗೆ ಅರ್ಜಿ ಹಾಕಲು ತಾಲ್ಲೂಕಿನ ಸೈಬರ್ ಸೆಂಟರಿಗೆ ಅಲೆಯುವ ಅಪ್ಪಂದಿರು ಇಲ್ಲಿಗೇ ಬಂದರೆ, ಮಗಳನ್ನು ಸಂಜೆ ಗ್ರಂಥಾಲಯಕ್ಕೆ ಕಳಿಸಲು ಅವರಿಗೆ ಇದ್ದ ಅನುಮಾನವೂ ಕಡಿಮೆಯಾಗುತ್ತದೆ.

ಕೊನೆಯದು: ಮೂರು ತಿಂಗಳ ಮೇಲೆ

ಮತ್ತೆ ಹೋಗಿ, ನೋಟ್‌ಬುಕ್ ತೆರೆಯಿರಿ. ಎಷ್ಟು ಪುಸ್ತಕ ಕೊಟ್ಟಿರಿ ಎಂಬುದನ್ನು ಬಿಡಿ, ವಾರಕ್ಕೆ ಎಷ್ಟು ಮನೆಗೆ ಹೋಗುತ್ತವೆ ನೋಡಿ. ಒಂದು ಪುಸ್ತಕವೂ ಕಳೆದಿಲ್ಲ, ಹರಿದಿಲ್ಲ ಎಂದರೆ ಸಂಶಯಪಡಿ, ಅಲ್ಲಿ ಓದು ನಡೆದಿಲ್ಲ. ಯಾರೂ ಮುಟ್ಟದ ಪುಸ್ತಕಗಳನ್ನು ವಾಪಸ್ ತಂದು ಬೇರೆ ಊರಿಗೆ ಕೊಡಿ.

ಎರಡನೇ ಸುತ್ತಿನ ಪಟ್ಟಿಯನ್ನು ಮಕ್ಕಳೇ ಬರೆಯಲಿ. ದೆವ್ವದ ಕಥೆ ಎಂದು ಬರೆಯುತ್ತಾರೆ, ಕ್ರಿಕೆಟ್ ಎಂದು ಬರೆಯುತ್ತಾರೆ, ಮೋಟರ್ ರಿವೈಂಡಿಂಗ್ ಕಲಿಸುವ ಪುಸ್ತಕ ಇದೆಯೇ ಎಂದು ಕೇಳುತ್ತಾರೆ. ನೀತಿಕಥೆ ಎಂದು ಯಾರೂ ಬರೆಯುವುದಿಲ್ಲ. ಅವರು ಕೇಳಿದ್ದನ್ನೇ ತನ್ನಿ.